ಬೀಗರ ನಾಯಿ

ಗಂಗಾವತಿ
೧೧ ಜುಲೈ ೨೦೨೫

ಬೀಗರಾದ ಶ್ರೀ ರುದ್ರೇಶಪ್ಪನವರಿಗೆ ಎದುರು ಮನೆಯ ಕೊಟ್ರಪ್ಪ ಮಾಡುವ ಶರಣಾರ್ಥಿ.

ನಿಮ್ಮ ಗೇಟಿಗೂ ನಮ್ಮ ಗೇಟಿಗೂ ನಡುವೆ ಇರುವುದು ಒಂದು ರಸ್ತೆಯ ಅಗಲ. ಕೂಗಿದರೆ ಕೇಳುತ್ತದೆ, ಕೂಗದಿದ್ದರೂ ನಿಮ್ಮ ಮನೆಯ ಕುಕ್ಕರ್ ಸೀಟಿ ನಮಗೆ ಕೇಳುತ್ತದೆ. ಹೀಗಿದ್ದೂ ಪತ್ರ ಯಾಕೆಂದರೆ, ಎದುರಿಗೆ ಬಂದರೆ ನನ್ನ ಬಾಯಿಂದ ಬೇರೆಯೇ ಮಾತು ಬರುತ್ತದೆ. ಮೊನ್ನೆ ಬುಧವಾರ ದವಾಖಾನೆಯಿಂದ ಬಂದವನೇ ನಿಮಗೆ ನಾಲ್ಕು ಮಾತು ಅನ್ನಲೇಬೇಕೆಂದು ರಸ್ತೆ ದಾಟಿದೆ. ನೀವು "ಬರ್ರಿ ಬೀಗರ, ಒಳಗ ಬರ್ರಿ, ಚಾ ಮಾಡಸ್ಲೇನು?" ಅಂದಿರಿ. ನಾನು "ಬ್ಯಾಡ್ರಿ, ಈಗ ಆತು" ಅಂದೆ. ನೀವು "ಅರ್ಧ ಕಪ್ಪರ ಕುಡೀರಿ" ಅಂದಿರಿ. ಕುಡಿದೆ. ಹೆಣ್ಣು ಕೊಟ್ಟವನ ಗಂಟಲಿನ ರಚನೆಯೇ ಹಾಗೆ. ಮೇಲೆ ಬಂದ ಬೈಗುಳವನ್ನು ಚಹಾ ಹೊಟ್ಟೆಗೆ ತಳ್ಳಿಕೊಂಡು ಹೋಗುತ್ತದೆ. ಕೈಗೆ ಗಂಟಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ವಿಷಯ ನಿಮ್ಮ ನಾಯಿಯದು. ಅದಕ್ಕೆ ದೊರೆ ಎಂದು ಹೆಸರಿಟ್ಟವರು ನೀವು. ಹಾಗಾಗಿ ನಾನೂ ಬಹುವಚನದಲ್ಲೇ ಬರೆಯಬೇಕಾಗಿದೆ. ಬುಧವಾರ ಮುಂಜಾನೆ ದೊರೆಗಳು ಎಂದಿನಂತೆ ಒಬ್ಬರೇ, ನಿಮ್ಮ ಗೇಟಿನಿಂದ ಕಾಣುವ ಕಾಲುವೆ ದಂಡೆಯ ಮೇಲೆ ಸವಾರಿ ಹೊರಟಿದ್ದರು. ಸಕ್ಕರೆ ಕಾಯಿಲೆಯ ನನ್ನ ಹೆಂಡತಿ ಕಳಕಮ್ಮ ಡಾಕ್ಟರ ಮಾತು ಕೇಳಿ ಅದೇ ದಂಡೆಯ ಮೇಲೆ ನಡೆಯುತ್ತಿದ್ದಳು. ದೊರೆಗಳಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಕರುವಿನಷ್ಟು ಎತ್ತರದ ಪ್ರೀತಿ ಎದೆಗೆ ಬಂದು ಹಾಯ್ದರೆ ಐವತ್ತೆಂಟರ ಹೆಂಗಸು ಏನಾಗುತ್ತಾಳೋ ಅದೇ ಆಯಿತು. ಕಾಲುವೆಗೆ ಇನ್ನೂ ನೀರು ಬಂದಿರಲಿಲ್ಲ. ಬಂದಿದ್ದರೆ ಈ ಪತ್ರ ಕಪ್ಪು ಅಂಚಿನ ಕಾಗದದಲ್ಲಿ ಬರುತ್ತಿತ್ತು. ಎಡಗೈ ಮಣಿಕಟ್ಟಿನ ಎಲುಬು ಮುರಿದಿದೆ. ಮೀನಖಂಡದ ಮೇಲೆ ಹಲ್ಲು ತಾಗಿ ರಕ್ತ ಬಂದಿದೆ.

ನನ್ನ ಕೋರಿಕೆ ಚಿಕ್ಕದು. ಮನೆಯಿಂದ ಹೊರಗೆ ಹೋಗುವಾಗ ನಾಯಿಯ ಕೊರಳಿಗೆ ಒಂದು ಹಗ್ಗ, ಹಗ್ಗದ ಇನ್ನೊಂದು ತುದಿಗೆ ಒಬ್ಬ ಮನುಷ್ಯ. ಅಷ್ಟೇ.

ಮಗಳು ಅಮೃತಾಗೆ ನಾಲ್ಕನೆಯ ತಿಂಗಳು ನಡೆಯುತ್ತಿದೆ. ವಾಂತಿ ಕಡಿಮೆಯಾಯಿತೆ? ಹುಳಿ ಮಾವಿನ ಉಪ್ಪಿನಕಾಯಿ ಕಳಿಸಿದ್ದೇವೆ, ಕೊಡಿರಿ.

ನಿಮ್ಮ ಬೀಗ,
ಕೊಟ್ರಪ್ಪ


ಗಂಗಾವತಿ
೧೩ ಜುಲೈ ೨೦೨೫

ಬೀಗರಾದ ಕೊಟ್ರಪ್ಪನವರಿಗೆ ರುದ್ರೇಶನ ಶರಣು.

ನಿಮ್ಮ ಪತ್ರ ಓದಿ ಭಾಳ ಸಂತೋಷವಾಯಿತು. ಏನು ಬರೆಯುತ್ತೀರಿ! ಇಡೀ ಜೀವಮಾನ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಹಾಳು ಮಾಡಿಕೊಂಡಿರಿ, ಪೇಪರಿಗೆ ಬರೆಯಬೇಕಿತ್ತು. ನನ್ನ ಹೆಂಡತಿ ಮಲ್ಲೇಶ್ವರಿಗೆ ಓದಿ ಹೇಳಿದೆ. "ಕೈಗೆ ಗಂಟಲಿಲ್ಲ" ಅನ್ನುವಲ್ಲಿ ಬಿದ್ದು ಬಿದ್ದು ನಕ್ಕಳು.

ಕಳಕಮ್ಮ ಅಕ್ಕಾರ ಕೈಯ ವಿಷಯ ತಿಳಿದು ಕೆಡುಕೆನಿಸಿತು. ಆದರೆ ಬೀಗರೆ, ಒಂದು ಮಾತು. ದೊರೆ ಕಚ್ಚುವ ನಾಯಿ ಅಲ್ಲ. ಅವನು ಹುಟ್ಟಿದಾಗಿನಿಂದ ನನ್ನ ಹಾಸಿಗೆಯ ಮೇಲೆ ಮಲಗುತ್ತಾನೆ, ಒಂದು ದಿನ ನನ್ನನ್ನು ಕಚ್ಚಿದ್ದಾನೆಯೆ? ಅವನು ಬರೀ ಆಡುತ್ತಾನೆ. ಮಂದಿ ಓಡುತ್ತಾರೆ. ಓಡಿದರೆ ಅವನು ತನ್ನ ಜೊತೆ ಆಡುತ್ತಿದ್ದಾರೆಂದು ತಿಳಿಯುತ್ತಾನೆ. ಅಂಜಿಕೆಯ ವಾಸನೆ ನಾಯಿಗೆ ಗೊತ್ತಾಗುತ್ತದೆಯಂತೆ. ಅಕ್ಕಾರು ಅಂಜುವುದನ್ನು ಬಿಡಬೇಕು. ನನ್ನ ಸಲಹೆ ಏನೆಂದರೆ, ನಡೆಯಲು ಹೋಗುವಾಗ ಸೆರಗಿನ ಗಂಟಿನಲ್ಲಿ ಎರಡು ಗ್ಲುಕೋಸ್ ಬಿಸ್ಕೀಟು ಇಟ್ಟುಕೊಳ್ಳಲಿ. ಕೊಟ್ಟರೆ ಸಾಕು, ಜನ್ಮದ ಗೆಳೆಯನಾಗುತ್ತಾನೆ.

ಕಟ್ಟುವುದು ಮಾತ್ರ ಆಗುವುದಿಲ್ಲ. ಕಟ್ಟಿದರೆ ಅವನು ಊಟ ಬಿಡುತ್ತಾನೆ. ಅವನು ಬಿಟ್ಟರೆ ನಾನೂ ಬಿಡುತ್ತೇನೆ.

ಉಪ್ಪಿನಕಾಯಿ ಭಾಳ ಛಲೋ ಆಗಿದೆ. ಅರ್ಧ ನಾನೇ ತಿಂದೆ.

ಇಂತಿ ವಿಶ್ವಾಸಿ,
ರುದ್ರೇಶ


ಗಂಗಾವತಿ
೨೦ ಜುಲೈ ೨೦೨೫

ಬೀಗರಿಗೆ ಶರಣಾರ್ಥಿ.

ಬಿಸ್ಕೀಟಿನ ಸಲಹೆ ತಲುಪಿತು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಅನ್ನಿಸಿತು.

ನನ್ನ ಅಜ್ಜನ ಕಾಲದಲ್ಲಿ ನಿಜಾಮರ ಆಳ್ವಿಕೆಯಿತ್ತು. ಎಲ್ಲಕ್ಕೂ ತೆರಿಗೆ ಇತ್ತೆಂದು ಅವನು ಹೇಳುತ್ತಿದ್ದ. ಆದರೆ ನಡೆಯುವುದಕ್ಕೆ ಬಿಸ್ಕೀಟು ಸುಂಕ ಹಾಕಬೇಕೆಂದು ಆ ನಿಜಾಮನಿಗೂ ಹೊಳೆದಿರಲಿಲ್ಲ. ಸರಕಾರ ಕಟ್ಟಿಸಿದ ಕಾಲುವೆ, ಮಂದಿ ತುಳಿದು ಮಾಡಿದ ದಾರಿ, ನನ್ನ ಹೆಂಡತಿಯ ಕಾಲು. ಇದರಲ್ಲಿ ನಿಮ್ಮ ನಾಯಿಗೆ ಸುಂಕ ವಸೂಲಿಯ ಗುತ್ತಿಗೆ ಕೊಟ್ಟವರು ಯಾರು?

ಅಂಜಿಕೆ ಬಿಡಬೇಕಂತೆ. ಬೀಗರೆ, ಅಂಜಿಕೆ ಕಳಕಮ್ಮನ ಹವ್ಯಾಸವಲ್ಲ. ನೀವು ಕೊಟ್ಟದ್ದು.

ನಾನು ನೀರಾವರಿ ಕಚೇರಿಯಲ್ಲಿ ಜೀವಮಾನ ಹಾಳು ಮಾಡಿಕೊಂಡೆ ಅಂದಿರಿ. ಅಲ್ಲಿ ಒಂದೇ ಒಂದು ಪಾಠ ಕಲಿತೆ, ನಿಮಗೆ ಪುಕ್ಕಟೆ ಕೊಡುತ್ತೇನೆ. ತೂಬಿನ ಗೇಟು ಎತ್ತಿದವನೇ ಕೆಳಗಿನ ಗದ್ದೆಗೆ ಜವಾಬ್ದಾರ. ನಾನು ಗೇಟು ಎತ್ತಿ ಮನೆಗೆ ಹೋಗಿ ಮಲಗಿದ್ದು, ರೈತ ನಾಟಿ ಮಾಡಿದ ಭತ್ತ ಕೊಚ್ಚಿಕೊಂಡು ಹೋಗಿ, ಅವನು ಬಂದು ಎದೆ ಬಡಿದುಕೊಂಡರೆ "ನೀರು ಭಾಳ ಪ್ರೀತಿದ್ದಪ್ಪ, ಬರೀ ಆಡತೈತಿ, ನಿನ್ನ ಸಸಿ ಯಾಕ ಅಂಜಿದ್ವು?" ಎಂದು ಕೇಳಿದ್ದರೆ ರೈತ ನನ್ನನ್ನು ಅದೇ ತೂಬಿಗೆ ತುರುಕುತ್ತಿದ್ದ. ಸರಿಯಾಗಿಯೇ ತುರುಕುತ್ತಿದ್ದ.

ಇನ್ನೊಂದು. ನಿನ್ನೆ ಬಳೆಗಾರ್ತಿ ಶಾಹಜಾದಬಿ ನಮ್ಮ ಬಾಗಿಲಿಗೆ ಬಂದಿದ್ದಳು. ದೊರೆಗಳು ಅವಳ ಬುಟ್ಟಿಯನ್ನೂ ಆಡಿಸಿದ್ದಾರೆ. ಅರ್ಧ ಬಳೆ ಚೂರು. "ಅಲ್ಲಬೇ, ಅವ್ರ ಮನಿಗೇ ಹೋಗಿ ಹೇಳಬಾರದಾ?" ಅಂದೆ. "ಅವ್ರು ಮಿಲ್ಲಿನ ಸಾವ್ಕಾರ್ರು, ನಾ ಏನ್ ಹೇಳ್ಲಿ ಸಾಹೇಬ್ರ? ನೀವು ಬೀಗರು ಅದೀರಿ, ನೀವ ಹೇಳ್ರಿ" ಅಂದಳು. ಓಣಿಯವರೆಲ್ಲ ಹೀಗೆಯೇ. ನಿಮ್ಮ ನಾಯಿ ಯಾರನ್ನು ಅಟ್ಟಿದರೂ ಅವರು ಓಡಿ ಬರುವುದು ನನ್ನ ಮನೆಗೆ. ನಾಯಿ ನಿಮ್ಮದು, ದೂರು ನನ್ನದು. ಹೆಣ್ಣಿನ ಜೊತೆ ಇದನ್ನೂ ಕೊಡುತ್ತೇನೆಂದು ಮಾತುಕತೆಯ ದಿನ ನಾನು ಒಪ್ಪಿರಲಿಲ್ಲ.

ಕಳಕಮ್ಮ ಸರಕಾರಿ ದವಾಖಾನೆಯಲ್ಲಿ ಹುಚ್ಚುನಾಯಿ ರೋಗದ ಸೂಜಿ ಹಾಕಿಸಿಕೊಳ್ಳುತ್ತಿದ್ದಾಳೆ. ನಡೆಯಲು ಹೋಗುವುದನ್ನು ಬಿಟ್ಟಿದ್ದಾಳೆ.

ಹಗ್ಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಕೊಟ್ರಪ್ಪ


ಗಂಗಾವತಿ
೭ ಆಗಸ್ಟ್ ೨೦೨೫

ಬೀಗರಿಗೆ ಶರಣು.

ಬಿಸ್ಕೀಟು ಸುಂಕ! ಮಿಲ್ಲಿಗೆ ಬಂದ ಕಾರಟಗಿಯ ವ್ಯಾಪಾರಿಗಳಿಗೂ ಓದಿ ಹೇಳಿದೆ. ನಿಮ್ಮನ್ನು ಒಮ್ಮೆ ಭೇಟಿಯಾಗಬೇಕು ಅಂದರು.

ಆದರೆ ಈ ಸಲ ನನ್ನ ಮನಸ್ಸಿಗೂ ನೋವಾಗಿದೆ, ಹೇಳುತ್ತೇನೆ. ಹುಚ್ಚುನಾಯಿ ಸೂಜಿ! ದೊರೆಗೆ ಎಲ್ಲ ಲಸಿಕೆ ಆಗಿವೆ. ಕೊಪ್ಪಳದಿಂದ ಡಾಕ್ಟರನ್ನು ಕಾರಿನಲ್ಲಿ ಕರೆಸಿ ಹಾಕಿಸಿದ್ದೇನೆ. ಅಕ್ಕಾರು ಸರಕಾರಿ ದವಾಖಾನೆಯ ಸಾಲಿನಲ್ಲಿ ನಿಂತು, ನರ್ಸಮ್ಮ "ಯಾರ ನಾಯಿ?" ಅಂದಾಗ ನಾಲ್ಕು ಮಂದಿಯ ಮುಂದೆ ನನ್ನ ಹೆಸರು ಹೇಳುವುದೆ? ಈಗ ಮಿಲ್ಲಿನ ಹಮಾಲರು ನನ್ನನ್ನೇ ಕೇಳುತ್ತಾರೆ, "ಸಾವ್ಕಾರ್ರ, ದೊರಿಗೆ ಹುಚ್ಚ ಹಿಡದೈತಂತಲ್ಲ, ಖರೇ ಏನ್ರಿ?" ಎಂದು. ಮೊದಲು ಅವನ ತಲೆ ಸವರಿ ಹೋಗುತ್ತಿದ್ದವರು ಈಗ ಚೀಲದ ಮರೆಯಲ್ಲಿ ಹೋಗುತ್ತಾರೆ. ಮೂಕಪ್ರಾಣಿ, ಹೇಳಿಕೊಳ್ಳಲು ಬಾಯಿಲ್ಲ. ಒಂದು ವಾರದಿಂದ ಮಂಕಾಗಿದ್ದಾನೆ. ಮನಸ್ಸಿಗೆ ಹಗುರವಾಗಲೆಂದು ಹೇಮಗುಡ್ಡಕ್ಕೆ ಕರೆದುಕೊಂಡು ಹೋಗಿ ದುರ್ಗಮ್ಮನ ದರ್ಶನ ಮಾಡಿಸಿ ಬಂದೆ.

ಇರಲಿ, ದೊಡ್ಡವರ ಮನೆಯಲ್ಲಿ ಜಗಳ ಬೇಡ. ತಪ್ಪು ಮಾಡಿದವರು ಕಾಲಿಗೆ ಬೀಳುವುದು ನಮ್ಮ ಪದ್ಧತಿ. ಬರುವ ಸೋಮವಾರ, ಶ್ರಾವಣದ ಒಳ್ಳೆಯ ದಿನ, ಬಂದು ಅಕ್ಕಾರ ಕಾಲಿಗೆ ಬಿದ್ದು ಮುಗಿಸಿಬಿಡೋಣ. ಮನೆಯಲ್ಲಿರಿ.

ರುದ್ರೇಶ


ಗಂಗಾವತಿ
೧೨ ಆಗಸ್ಟ್ ೨೦೨೫

ರುದ್ರೇಶಪ್ಪನವರಿಗೆ.

ಇದನ್ನು ಬರೆಯುವ ಮೊದಲು ಎರಡು ಹಾಳೆ ಹರಿದೆ. ಅವುಗಳಲ್ಲಿ ಬರೆದದ್ದನ್ನು ಬೀಗರಿಗೆ ಕಳಿಸಲು ಬರುವುದಿಲ್ಲ, ಯಾರಿಗೂ ಬರುವುದಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ನಾನು ಕಳಕಮ್ಮನಿಗೆ ಹೇಳಿದ್ದೆ: "ನೋಡು, ಮನಶ್ಯಾ ಒಳಗ ಛಲೋ ಅದಾನ. ಬಂದು ಕಾಲಿಗೆ ಬೀಳತೀನಿ ಅಂದಾನ. ಬಿದ್ದಗಿದ್ದಾರು, ಬ್ಯಾಡ್ರಿ ಅಂತ ಕೈ ಹಿಡಿದು ಎಬ್ಬಸು." ಪಾಪ, ಅವಳು ಒಂದೇ ಕೈಯಲ್ಲಿ ರವೆ ಹುರಿದು ಶಿರಾ ಮಾಡಿದಳು. ಇಳಕಲ್ ಸೀರೆ ಉಟ್ಟಳು. ಪಡಸಾಲೆಯಲ್ಲಿ ಖುರ್ಚಿ ಹಾಕಿ ಕಾಯ್ದಳು.

ಬಂದಿರಿ. ಮುಂದೆ ನೀವು. ಹಿಂದೆ ನಿಮ್ಮ ಗುಮಾಸ್ತ ಕಾಶಿನಾಥ, ಅವನ ತಲೆಯ ಮೇಲೆ ಬಾಳೆಹಣ್ಣಿನ ಬುಟ್ಟಿ. ನಡುವೆ ದೊರೆಗಳು. ಕೊರಳಲ್ಲಿ ಚೆಂಡು ಹೂವಿನ ಹಾರ, ಬೆನ್ನ ಮೇಲೆ ಜರಿಯಂಚಿನ ಶಾಲು. ನಾನು ನಿವೃತ್ತನಾದ ದಿನ ಇಲಾಖೆಯವರು ನನಗೆ ಹೊದಿಸಿದ ಶಾಲು ಇಷ್ಟು ಒಳ್ಳೆಯದಿರಲಿಲ್ಲ.

"ಬೀಳಲೇ ದೊರಿ, ಅಕ್ಕಾರ ಕಾಲಿಗೆ ಬೀಳು, ತಪ್ಪಾತು ಅನ್ನು!" ಎಂದು ನೀವು ನಾಯಿಗೆ ಹೇಳಿದಿರಿ.

ದೊರೆಗಳು ಬಿದ್ದದ್ದು ಶಿರಾದ ತಾಟಿಗೆ. ಕಳಕಮ್ಮ ಎದ್ದು ಅಡುಗೆಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಬಿಗಿಯಾದ ಚಿಲಕ ಅದು. ಒಂದು ಕೈಯಲ್ಲಿ ಆಗುವುದಿಲ್ಲವೆಂದು ದಿನಾ ನನ್ನನ್ನು ಕರೆಯುತ್ತಿದ್ದಳು. ನಿನ್ನೆ ಕರೆಯಲಿಲ್ಲ. ನೀವು ಬಾಗಿಲ ಮುಂದೆ ನಿಂತು "ಅಕ್ಕಾರ, ಅವ ಕ್ಷಮಾ ಕೇಳಾಕ ಬಂದಾನ್ರಿ, ಆತು ಅನ್ರಿ, ಇಲ್ಲಾಂದ್ರ ಅವಗ ಸಮಾಧಾನ ಆಗಂಗಿಲ್ಲ" ಅಂದಿರಿ. ಅವಳು ಒಳಗಿನಿಂದ "ಆತ್ರಿ, ಆತು, ಮದಲ ಹೊರಗ ಒಯ್ರಿ" ಅಂದಳು. ನೀವು ಹೊರಗೆ ಹೋಗಿ, ಕಟ್ಟೆಯ ಮೇಲೆ ಕುಳಿತವರಿಗೆಲ್ಲ "ಆತು ಅಂದ್ರು, ಎಲ್ಲಾ ಮುಗೀತು" ಎಂದು ಬಾಳೆಹಣ್ಣು ಹಂಚಿದಿರಿ.

ಇಡೀ ಸಮಾರಂಭದಲ್ಲಿ ನಾಯಿ ಕ್ಷಮೆ ಕೇಳಿತು. ನೀವು ಕೇಳಲಿಲ್ಲ.

ಯಾವ ಪ್ರಾಣಿಯ ಹೆಸರು ಕೇಳಿದರೆ ಅವಳು ಬಾಗಿಲು ಹಾಕಿಕೊಳ್ಳುತ್ತಾಳೋ ಅದನ್ನು ಹಾರ ಹಾಕಿ ಅವಳ ಮನೆಯೊಳಗೆ ತಂದು ನಿಲ್ಲಿಸಿದಿರಿ. ನಿನ್ನೆಯವರೆಗೆ ಅವಳಿಗೆ ದಂಡೆ ಇರಲಿಲ್ಲ, ಅಂಗಳವಾದರೂ ಇತ್ತು. ಇವತ್ತು ತುಳಸಿಗೆ ನೀರು ಹಾಕಿದವನು ನಾನು.

ಅಕ್ಟೋಬರಿನಲ್ಲಿ ಅಮೃತಾಗೆ ಏಳನೆಯ ತಿಂಗಳು. ಕುಬಸಕ್ಕೆ ಹೆತ್ತವ್ವ ಹಸಿರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತುಕೊಂಡು ನಿಮ್ಮ ಮನೆಗೆ ಬಂದು ಉಡಿ ತುಂಬಬೇಕು. ಎಂಟರಲ್ಲಿ ಮಾಡುವಂತಿಲ್ಲ, ನಿಮಗೂ ಗೊತ್ತು. ಚೊಚ್ಚಲ ಬಸಿರು, ಒಬ್ಬಳೇ ಮಗಳು. ಆ ಒಂದು ರಸ್ತೆಯನ್ನು ಕಳಕಮ್ಮ ಹೇಗೆ ದಾಟುತ್ತಾಳೆ, ನೀವೇ ಹೇಳಿರಿ. ಬಿಸ್ಕೀಟು ಎಷ್ಟು ತರಬೇಕು, ಅದನ್ನೂ ಹೇಳಿರಿ.

ಕೊಟ್ರಪ್ಪ


ಗಂಗಾವತಿ
೧೪ ಸೆಪ್ಟೆಂಬರ್ ೨೦೨೫

ಅಪ್ಪಗೆ ನಿನ್ನ ಮಗಳು ಅಮೃತಾಳ ನಮಸ್ಕಾರ.

ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಎಲ್ಲ ಕೋಣೆಗೂ ಕಿವಿ ಇದೆ. ಕಾಶಿನಾಥಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಸಿಟ್ಟಾಗಬೇಡ. ಆದರೂ ಪರವಾಗಿಲ್ಲ.

ನಿನ್ನ ಪತ್ರ ಬಂದ ದಿನ ಇಲ್ಲಿ ಹಬ್ಬ. ಮಾವನವರು ಸಂಜೆ ಮಿಲ್ಲಿನಿಂದ ಮಂದಿ ಕರೆದುಕೊಂಡು ಬಂದು, ಕನ್ನಡಕ ಹಾಕಿಕೊಂಡು, ಗಟ್ಟಿಯಾಗಿ ಓದುತ್ತಾರೆ. "ಕೇಳ್ರಿ, ಕೇಳ್ರಿ, ದೊರೆಗಳು ಬಿದ್ದದ್ದು ಶಿರಾದ ತಾಟಿಗೆ!" ಎಲ್ಲರೂ ತೊಡೆ ತಟ್ಟಿ ನಗುತ್ತಾರೆ. "ನಮ್ಮ ಬೀಗರಂಥಾ ಬೀಗರು ಜಿಲ್ಲಾದಾಗ ಇಲ್ಲ ಬಿಡ್ರಿ" ಅನ್ನುತ್ತಾರೆ. ಆಮೇಲೆ ಎದ್ದು ಹೋಗಿ ಗೇಟು ತೆಗೆದು ದೊರೆಯನ್ನು ಬಿಡುತ್ತಾರೆ. ಅಪ್ಪ, ನಿನ್ನ ಸಿಟ್ಟು ಇಲ್ಲಿ ಚಹಾದ ಜೊತೆಗಿನ ಚೂಡಾ ಆಗಿದೆ.

ಅವ್ವ ಬಿದ್ದಾಗ ಕಾಲುವೆಯಲ್ಲಿ ನೀರಿದ್ದಿದ್ದರೆ ಕಪ್ಪು ಅಂಚಿನ ಕಾಗದ ಬರುತ್ತಿತ್ತು ಎಂದು ಬರೆದಿದ್ದೆಯಲ್ಲ, ಅದಕ್ಕೂ ನಕ್ಕರು. ಅವರು ಕೆಟ್ಟವರಲ್ಲ. ನಗುವ ಹಾಗೆ ಬರೆದವನು ನೀನು. ನಾನು ಎದ್ದು ಒಳಗೆ ಹೋದೆ.

ನನ್ನ ವಿಷಯ ಅವ್ವನಿಗೆ ಹೇಳಬೇಡ. ನಾನೂ ಅಂಗಳಕ್ಕೆ ಇಳಿಯುವುದನ್ನು ಬಿಟ್ಟಿದ್ದೇನೆ. ದೊರೆಗೆ ನನ್ನ ಮೇಲೂ ಪ್ರೀತಿ, ಎದೆಮಟ್ಟ ಹಾರುತ್ತದೆ. ಹೊಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಗೋಡೆಗೆ ಆನಿಕೊಳ್ಳುತ್ತೇನೆ. ಡಾಕ್ಟರು ನಡೆಯಬೇಕು ಅಂದಿದ್ದಾರೆ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳ ನಡುವೆ ನಡೆಯುತ್ತೇನೆ. ಇವರು ಒಂದು ದಿನ "ಅಪ್ಪಾಜಿ, ಅಮೃತಾ ಹೆರೂತನಕ ಕಟ್ಟೂಣ್ರಿ" ಅಂದರು. ಮಾವನವರು ಆ ದಿನ ಊಟ ಮಾಡಲಿಲ್ಲ. ಅತ್ತೆಯವರು ಅಳುತ್ತಾ "ಗವಿಸಿದ್ದೇಶಾ, ನಿಮ್ಮಪ್ಪಗ ಬಿಪಿ ಐತಿ" ಅಂದರು. ಮುಗಿಯಿತು.

ಕುಬಸ ಅಕ್ಟೋಬರ್ ಇಪ್ಪತ್ನಾಲ್ಕರ ಶುಕ್ರವಾರ ಎಂದು ಗೊತ್ತು ಮಾಡಿದ್ದಾರೆ. ಬಳೆ ಇಡಿಸಲು ಶಾಹಜಾದಬಿಗೆ ಹೇಳಿ ಕಳಿಸಿದರೆ "ಆ ಓಣಿಗೆ ನಾ ಕಾಲಿಡಂಗಿಲ್ಲ" ಅಂದಳಂತೆ. ಅವ್ವ ಬರುತ್ತಾಳೆಯೆ ಎಂದು ಅತ್ತೆಯವರು ದಿನಾ ಕೇಳುತ್ತಾರೆ. ಬರುತ್ತಾಳೆ ಅನ್ನುತ್ತೇನೆ. ಅವ್ವ ಇಲ್ಲದೆ ಯಾರೋ ಉಡಿ ತುಂಬಿದರೆ ನಾನು ಆ ಮಣೆಯ ಮೇಲೆ ಕೂಡುವುದಿಲ್ಲ.

ಇನ್ನು ಅವರಿಗೆ ಚಂದಾಗಿ ಬರೆಯಬೇಡ ಅಪ್ಪ.

ಅಮೃತಾ


ಗಂಗಾವತಿ
೧೬ ಸೆಪ್ಟೆಂಬರ್ ೨೦೨೫

ರುದ್ರೇಶಪ್ಪನವರಿಗೆ.

ನನ್ನ ಪತ್ರಗಳು ಇಲ್ಲಿಗೆ ಮುಗಿದವು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಯಾರನ್ನೂ ಕರೆಯಬೇಡಿ.

ಇನ್ನು ಬರೆಯುವುದಿದ್ದರೆ ನನ್ನ ಹೆಂಡತಿ ಬರೆಯುತ್ತಾಳೆ.

ಕೊಟ್ರಪ್ಪ


ಗಂಗಾವತಿ
೬ ಅಕ್ಟೋಬರ್ ೨೦೨೫

ಬೀಗರಿಗೆ ಕಳಕಮ್ಮ ಬರೆಯುವುದು.

ನನಗ ನಮ್ಮನಿಯವರಂಗ ಬರಿಯಾಕ ಬರಂಗಿಲ್ಲ. ಮಾತಾಡಿದಂಗ ಬರೀತೀನಿ. ಯಾರ ಮುಂದ ಓದ್ತೀರಿ ಓದ್ರಿ.

ಮೊನ್ನೆ ನಾನು, ಶಾಹಜಾದಬಿ ಕೂಡಿ ನಗರಸಭಾಕ್ಕ ಹೋಗಿದ್ವಿ. ಆಕಿ ಮಗ ತಾಹೇರ ತನ್ನ ಆಟೋ ತಂದು ನಮ್ಮ ಪಾವಟಿಗಿಗೇ ಹಚ್ಚಿದ. ಬಾಗಲದಿಂದ ಆಟೋದ ತನಕ ನಾ ಹೆಂಗ ಹೋದೆ ಅನ್ನೂದು ಆಕಿಗೆ ಗೊತ್ತು, ಆಕಿ ಕೈಗೆ ನನ್ನ ಉಗುರು ನಟ್ಟಾವು. ಅಲ್ಲಿ ದೂರು ಬರದು ಕೊಟ್ವಿ. ರುದ್ರೇಶಪ್ಪ ಅನ್ನವ್ರು ತಮ್ಮ ನಾಯೀನ್ನ ಸಾರ್ವಜನಿಕ ಹಾದಿಗೆ ಬಿಡ್ತಾರ, ನನ್ನ ಕೈ ಮುರದೈತಿ, ಈಕಿ ಬಳಿ ಚೂರಾಗ್ಯಾವ ಅಂತ. ಸಾಹೇಬ್ರು ಓದಿ "ಇವ್ರು ನಿಮಗ ಏನಾಗಬೇಕ್ರಿ?" ಅಂತ ಕೇಳಿದ್ರು. "ಬೀಗರು" ಅಂದೆ. ಪೆನ್ನು ಕೆಳಗಿಟ್ಟು ನನ್ನ ಮಾರಿ ನೋಡಿದ್ರು. "ಬರಕೊಳ್ರಿ, ಬೀಗರಂತನೂ ಬರಕೊಳ್ರಿ" ಅಂದೆ. ಶಾಹಜಾದಬಿ ಹೆಬ್ಬಟ್ಟು ಒತ್ತಿದಳು. ನಾ ಸಹಿ ಮಾಡಿದೆ.

ನಿಮಗ ಹೇಳದ ಮಾಡಿದ್ರು ಅನ್ನಬ್ಯಾಡ್ರಿ. ಈಗ ಹೇಳಾಕ್ಹತ್ತೀನಿ.

ದೊರಿ ಕಚ್ಚತೈತೋ ಆಡತೈತೋ ಅದು ನನಗ ಬೇಕಾಗಿಲ್ಲ. ನಾಯಿ ಮ್ಯಾಲ ನನಗ ಸಿಟ್ಟಿಲ್ಲ. ಅದಕ್ಕ ಹಾದಿ ಯಾರದು ಅಂತ ಏನ್ ಗೊತ್ತು? ನಿಮಗ ಗೊತ್ತೈತಿ. ನನಗ ಸಿಟ್ಟಿರೂದು ನಿಮ್ಮ ಮ್ಯಾಲ. ಬಿದ್ದಾಕಿ ನಾನು, ನೀವು ಬಂದು ನಾಯಿಗೆ ಸಮಾಧಾನ ಆಗಬೇಕು ಅಂದ್ರಿ. ಅವತ್ತು ಅಡಗಿ ಮನ್ಯಾಗ ಗೋಡಿಗೆ ಹಣಿ ಹಚ್ಚಿ ನಿಂತಿದ್ದೆ, ನ್ಯಾಪಿರಲಿ. ನನ್ನ ಮಗಳು ಎರಡು ಜೀವದಾಕಿ, ನಿಮ್ಮ ಮಾಳಗಿ ಮ್ಯಾಲ ಕಳ್ಳಿಯಂಗ ತಿರಗತಾಳ. ನಮ್ಮನಿಯವರು ನನಗ ಹೇಳಲಿಲ್ಲ. ನನಗ ಮಾಳಗಿ ಕಾಣತೈತಿ. ಕಿಡಕ್ಯಾಗ ಕುಂತಾಕಿಗೆ ಬ್ಯಾರೆ ಏನ್ ಕೆಲಸ ಉಳದೈತಿ?

ಇಪ್ಪತ್ನಾಕನೇ ತಾರೀಖು ಶುಕ್ರವಾರ ಮುಂಜಾನೆ ನಾನು ಬುತ್ತಿ, ಸೀರಿ, ಬಳಿ ತಗೊಂಡು ನಮ್ಮ ಗೇಟಿನ್ಯಾಗ ನಿಂದರ್ತೀನಿ. ನನ್ನ ಬಾಜೂಕ ಶಾಹಜಾದಬಿ ಇರ್ತಾಳ. ನೀವು ನಾಯೀನ್ನ ಕೋಣ್ಯಾಗ ಕೂಡಿ ಹಾಕಬ್ಯಾಡ್ರಿ. ಒಂದಿನ ಕೂಡಿ ಹಾಕಿದ್ರ ಮರದಿನ ಬಿಡ್ತೀರಿ. ಕೊಳ್ಳಿಗೆ ಹಗ್ಗ ಕಟ್ಟಿ, ನಿಮ್ಮ ಕೈಯಾಗ ನೀವು ಹಿಡಕೊಂಡು, ರಸ್ತೇದ ಮ್ಯಾಲ ಬಂದು ನಿಂದರ್ರಿ. ಕಾಶಿನಾಥನ ಕೈಯಾಗ ಅಲ್ಲ. ಅವಾಗ ನಾ ದಾಟ್ತೀನಿ.

ನೀವು ಬರದಿದ್ರ ಕುಬಸ ಇಲ್ಲ. ಮಗಳನ್ನ ಬರೀ ಕೈಲೆ ಕರ್ಕೊಂಡು ಬರ್ತೀನಿ. ಯಾಕ ಅಂತ ಕೇಳಿದವ್ರಿಗೆಲ್ಲ ಹೇಳ್ತೀನಿ, ನನಗೇನೂ ನಾಚಿಕಿಲ್ಲ.

ಕಳಕಮ್ಮ


ಗಂಗಾವತಿ
೨೭ ಅಕ್ಟೋಬರ್ ೨೦೨೫

ಬೀಗತಿಯವರಾದ ಕಳಕಮ್ಮನವರಿಗೆ ರುದ್ರೇಶನ ಶರಣು.

ನಿಮ್ಮ ಪತ್ರವನ್ನು ಯಾರ ಮುಂದೆಯೂ ಓದಲಿಲ್ಲ.

ಕುಬಸ ಸಾಂಗವಾಗಿ ಆಯಿತು, ದೇವರು ದೊಡ್ಡವನು. ನೀವು ಹೇಳಿದಂತೆ ಮಾಡಿದೆನೋ ಇಲ್ಲವೋ ನೀವೇ ನೋಡಿದಿರಿ. ಈ ನಾಯಿಯನ್ನು ಸಾಕಿ ನಾಲ್ಕು ವರ್ಷವಾಯಿತು, ಅದರ ಶಕ್ತಿ ಎಷ್ಟೆಂದು ನನಗೆ ಅಂದೇ ಗೊತ್ತಾಯಿತು. ಬಳೆ ಬುಟ್ಟಿ ಕಂಡಿದ್ದೇ ಎಳೆಯಿತು. ಎರಡೂ ಕಾಲು ಊರಿ ಹಿಂದೆ ವಾಲಿದೆ. ಧೋತರ ಸಡಿಲಾಯಿತು; ಕಟ್ಟಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಂಗೈಯ ಚರ್ಮ ಕಿತ್ತು ಬಂದಿದೆ. ಇಡೀ ಓಣಿ ಕಟ್ಟೆಯ ಮೇಲೆ ನಿಂತಿತ್ತು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೀವು ತಾಟು ಹಿಡಿದು ದಾಟಿದಿರಿ. ನನ್ನ ಮುಖ ನೋಡಲಿಲ್ಲ, ಹಗ್ಗ ನೋಡುತ್ತಿದ್ದಿರಿ. ಅದು ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ದೊರೆಯಿಂದಾದ ತೊಂದರೆಗೆ ವಿಷಾದವಿದೆ.

ಈಗ ಒಂದು ವಿನಂತಿ. ನಗರಸಭೆಯಿಂದ ನೋಟೀಸು ಬಂದಿದೆ. ಮಿಲ್ಲಿನ ಗೇಟಿಗೇ ತಂದು ಕೊಟ್ಟರು, ಹಮಾಲರ ಎದುರಿಗೆ. ಬೀಗರು ಬೀಗರ ಮೇಲೆ ದೂರು ಕೊಟ್ಟದ್ದು ಯಲಬುರ್ಗಿ, ಕುಷ್ಟಗಿಯ ನೆಂಟರವರೆಗೂ ಹೋಗಿದೆ. ನೀವು ಹೇಳಿದ್ದೆಲ್ಲ ಮಾಡಿದ ಮೇಲೆ ಇನ್ನೂ ಯಾಕೆ? ಹಿಂದೆ ತೆಗೆದುಕೊಂಡರೆ ಎರಡೂ ಮನೆಯ ಮರ್ಯಾದೆ ಉಳಿಯುತ್ತದೆ. ದೊರೆಯ ವಿಷಯಕ್ಕೆ ನಾನೊಂದು ದಾರಿ ಹುಡುಕಿದ್ದೇನೆ. ದಿನಾ ಹಗ್ಗ ಹಿಡಿದು ನಡೆಯಲು ನನ್ನ ಕೈಯಿಂದ ಆಗದು. ಮುಂಜಾನೆ ಮಂದಿ ಬರುವುದಕ್ಕೆ ಮೊದಲು ಅರ್ಧ ತಾಸು ಬಿಡುತ್ತೇನೆ, ಒಳಗೆ ಕರೆದುಕೊಳ್ಳುತ್ತೇನೆ. ಅದರ ಓಡಾಟವೂ ಆಯಿತು, ನಿಮ್ಮ ಮಾತೂ ಉಳಿಯಿತು. ಏನನ್ನುತ್ತೀರಿ?

ಅಮೃತಾ ನಿಮ್ಮಲ್ಲಿ ಆರಾಮವೆ? ಮನೆ ಬಣಗುಡುತ್ತಿದೆ.

ರುದ್ರೇಶ


ಗಂಗಾವತಿ
೨೯ ಅಕ್ಟೋಬರ್ ೨೦೨೫

ಬೀಗರಿಗೆ ಕಳಕಮ್ಮ.

ಅರ್ಧ ತಾಸೂ ಬ್ಯಾಡ. ಆ ಹೊತ್ತಿನ್ಯಾಗ ಹಾಲಿನವ ಬರ್ತಾನ, ಕಸ ಗುಡಿಸೂ ಹುಲಿಗವ್ವ ಬರ್ತಾಳ. ನಿಮ್ಮ ಲೆಕ್ಕದಾಗ ಅವ್ರು ಮಂದಿ ಅಲ್ಲೇನು?

ನಿಮ್ಮ ಕೈಯಿಂದ ಆಗಂಗಿಲ್ಲ ಅಂದ್ರಿ. ನಿಮ್ಮಂಥ ಗಂಡಸಿನ ಕೈಗೆ ಹಿಡಿಯಾಕ ಆಗದ ನಾಯೀನ್ನ ನನ್ನ ಎದಿ ಮ್ಯಾಲ ಬಿಟ್ಟಿದ್ರಿ. ಅದನ್ನ ನೀವ ಬರದು ಕಳಿಸೀರಿ, ಮತ್ತೊಮ್ಮೆ ಓದಿ ನೋಡ್ರಿ.

ದೂರು ಹಿಂದ ತಗೊಳ್ಳಂಗಿಲ್ಲ. ಶಾಹಜಾದಬೀನೂ ತಗೊಳ್ಳಂಗಿಲ್ಲ, ಕೇಳೀನಿ. ನೆಂಟರು ಏನರ ಅಂದ್ರ ನನ್ನ ಹತ್ರ ಕಳಸ್ರಿ. ಮರ್ಯಾದಿ ನೋಟೀಸಿನಿಂದ ಹೋಗಿಲ್ಲ. ಅದು ಜುಲೈದಾಗ, ದಂಡಿ ಮ್ಯಾಲ ಹೋತು. ನಾ ಮಣ್ಣಾಗ ಕುಂತು ಕೈ ಹಿಡಕೊಂಡಿದ್ದೆ, ನೀವು ಗೇಟಿನ್ಯಾಗ ನಿಂತು ನಾಯೀನ್ನ ಹೆಸರು ಹಿಡದು ಕರದ್ರಿ. ನನ್ನ ಕರೀಲಿಲ್ಲ.

ಅಂಗೈಗೆ ಅರಿಷಿಣ, ಕೊಬ್ಬರಿ ಎಣ್ಣಿ ಹಚ್ರಿ. ಮಾಯತೈತಿ.

ಅಮೃತಾ ಆರಾಮ ಅದಾಳ. ನಿನ್ನೆ ಅಂಗಳದಾಗ ಇಬ್ಬರೂ ನಡದಿವಿ. ಗೇಟಿನ ತನಕ ಹೋಗಿ ಹೊಳ್ಳಿ ಬಂದೆ, ಮತ್ತ ಹೋದೆ. ನಾಳೆ ದಂಡಿಗೆ ಹೋಗಬೇಕಂತ ಮಾಡೀನಿ. ಆಕೀನೂ ಬರ್ತಾಳ. ಕಾಲವ್ಯಾಗ ಈಗ ನೀರು ತುಂಬಿ ಹರಿಯಾಕ್ಹತ್ತೈತಿ, ಹಾದಿ ಸಣ್ಣದು.

ಎದುರಾದ್ರ ಬಾಜೂಕ ಸರಿಯೂದು ನೀವು.

ಕಳಕಮ್ಮ